ಮಾರ್ಫಿನ್ ಜೊತೆ ಪಿಇಜಿ ಪುಡಿ: ಮೆತ್ತಗಾಗುತ್ತದೆ, ಆದರೆ ಇಳಿಯುವುದಿಲ್ಲ

ಮೊದಲು ಮೆಚ್ಚಬೇಕಾದ್ದನ್ನೇ ಹೇಳಿಬಿಡುತ್ತೇನೆ. ನೋವಿಗೆ ಕೊಡುವ ಮಾರ್ಫಿನ್ ಮಲಬದ್ಧತೆ ತರುತ್ತದೆ; ಅದಕ್ಕೆಂದು ನೀರಿಗೆ ಕಲಸಿ ಕುಡಿಯುವ ಪಾಲಿಎಥಿಲೀನ್ ಗ್ಲೈಕಾಲ್ 3350 ಪುಡಿಗೆ, ಅಂದರೆ ಪಿಇಜಿಗೆ, ರುಚಿಯೇ ಇಲ್ಲ. ಮಾರ್ಫಿನ್‌ನಿಂದ ಬಾಯಿ ಒಣಗಿ, ಅನ್ನ ಕಂಡರೆ ವಾಕರಿಕೆ ಬರುವವರಿಗೆ ಇದು ಸಣ್ಣ ಉಪಕಾರವಲ್ಲ. ಮಲಬದ್ಧತೆಗೇ ಕೊಡುವ ಲ್ಯಾಕ್ಟುಲೋಸ್ ಸಿರಪ್ಪಿನ ಅಂಟು ಸಿಹಿ ಕುಡಿದು ಎಷ್ಟೋ ಹೊತ್ತಾದರೂ ಗಂಟಲಲ್ಲೇ ಇರುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುವುದರಿಂದ ಹೊಟ್ಟೆ ಉಬ್ಬರ, ಗುಡುಗುಡು ಬೇರೆ. ಪಿಇಜಿ ಹುದುಗುವುದಿಲ್ಲ. ನೀರನ್ನು ಹಿಡಿದುಕೊಂಡು ಕರುಳಿನುದ್ದಕ್ಕೂ ಸಾಗುತ್ತದೆ, ಅಷ್ಟೆ. ಹಾಗಾಗಿ ಗ್ಯಾಸ್ ಕಡಿಮೆ.

ಕಲಸುವುದಕ್ಕೂ ಒಂದು ಕ್ರಮವಿದೆ. ಲೋಟಕ್ಕೆ ಮೊದಲು ನೀರು, ಆಮೇಲೆ ಪುಡಿ. ಪುಡಿ ಮೊದಲು ಹಾಕಿದರೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. 17 ಗ್ರಾಂ ಸ್ಯಾಶೆಗೆ 200 ಮಿ.ಲೀ. ಉಗುರುಬೆಚ್ಚಗಿನ ನೀರು ಹಾಕಿ, ತಿಳಿಯಾಗುವವರೆಗೆ ಚಮಚದಲ್ಲಿ ತಿರುವಿ. ಫ್ರಿಜ್ಜಿನ ನೀರಾದರೆ ಇನ್ನಷ್ಟು ಹೊತ್ತು ಬೇಕು. ಸಾದಾ ಪುಡಿಯನ್ನು ಬೆಳಗಿನ ಕಾಫಿಗೇ ಕಲಸಿದರೂ ಗೊತ್ತಾಗುವುದಿಲ್ಲ. ಎಲೆಕ್ಟ್ರೋಲೈಟ್ ಸೇರಿಸಿದ ಸ್ಯಾಶೆ ಮಾತ್ರ ಉಪ್ಪುಪ್ಪು. ಅದರಲ್ಲಿ ಸೋಡಿಯಂ ಇರುವುದರಿಂದ ಹೃದಯ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ನುಂಗಲು ಕಷ್ಟವಾಗುವವರಿಗೆ ಪಿಷ್ಟದ ಪುಡಿ ಹಾಕಿ ಮಂದ ಮಾಡಿದ ಪಾನೀಯಕ್ಕೆ ಪಿಇಜಿ ಬೆರೆಸಲೇಬೇಡಿ. ಅದು ಮತ್ತೆ ತೆಳ್ಳಗಾಗಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಕುಡಿದ ದಿನವೇ ಫಲ ಸಿಗದು. ಒಂದರಿಂದ ಮೂರು ದಿನ ಹಿಡಿಯುತ್ತದೆ. ತಿಂಡಿಯಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಆಗಲೇ ಕೂರುವುದು ಒಳ್ಳೆಯದು. ಕಮೋಡ್ ಆದರೆ ಕಾಲಡಿ ಮುಕ್ಕಾಲು ಅಡಿ ಎತ್ತರದ ಸ್ಟೂಲ್ ಇಟ್ಟುಕೊಂಡು, ಮಂಡಿ ಸೊಂಟಕ್ಕಿಂತ ಮೇಲಿರುವಂತೆ ಕೂರಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಎಷ್ಟೋ ಸಲ ಮೋಷನ್ ಆಗುವುದಿಲ್ಲವಲ್ಲ, ಈ ಪುಡಿಯ ಮೇಲೆ ನನಗಿರುವ ದೊಡ್ಡ ದೂರು ಅದೇ. ಪ್ಯಾಕೆಟ್ಟಿನ ಸೂಚನೆ ಬರೆದಿರುವುದು ಸಾಮಾನ್ಯ ಮಲಬದ್ಧತೆಗೆ. ಮಾರ್ಫಿನ್, ಟ್ರಮಡಾಲ್‌ನಂಥ ಮಾತ್ರೆಗಳು ಕರುಳಿನ ಗೋಡೆಯ ನರಗಳಲ್ಲಿರುವ ಮ್ಯೂ ಗ್ರಾಹಕಗಳಿಗೆ ಅಂಟಿಕೊಂಡು, ಮಲವನ್ನು ಮುಂದಕ್ಕೆ ತಳ್ಳುವ ಅಲೆಗಳನ್ನೇ ನಿಧಾನ ಮಾಡುತ್ತವೆ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ. ಮಲಬದ್ಧತೆಗೆ ಮಾತ್ರ ದೇಹ ಒಗ್ಗಿಕೊಳ್ಳುವುದಿಲ್ಲ, ಮಾತ್ರೆ ಇರುವಷ್ಟು ದಿನವೂ ಇರುತ್ತದೆ. ಪುಡಿ ಮಲವನ್ನು ಮೆತ್ತಗೆ ಮಾಡುತ್ತದೆ, ತಳ್ಳುವ ಕೆಲಸ ಅದರದಲ್ಲ. ಮೆತ್ತಗಿನ ಮಲವೇ ಇದ್ದಲ್ಲಿ ಇದ್ದುಬಿಡಬಹುದು. ಜನ ಇನ್ನೊಂದು ಸ್ಯಾಶೆ, ಮತ್ತೊಂದು ಸ್ಯಾಶೆ ಎಂದು ಏರಿಸುತ್ತಾ ಹೋಗುತ್ತಾರೆ.

ತಳ್ಳುವುದಕ್ಕೆ ಬೇಕಾದ್ದು ಬಿಸಾಕೋಡಿಲ್ 5 ಮಿ.ಗ್ರಾಂ. ಅಥವಾ ಸೆನ್ನಾ. ಬಿಸಾಕೋಡಿಲ್ ಕೆಲಸ ಮಾಡಲು 6ರಿಂದ 12 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಒಂದು ಅಥವಾ ಎರಡು ಮಾತ್ರೆ ನುಂಗಿದರೆ ಬೆಳಗಿನ ತಿಂಡಿಯ ಹೊತ್ತಿಗೆ ಹದವಾಗಿ ಬರುತ್ತದೆ. ಪುಡಿ ಮಾಡಬಾರದು, ಹಾಲು ಅಥವಾ ಅಸಿಡಿಟಿ ಔಷಧಿಯ ಜೊತೆ ಕೊಡಬಾರದು, ಒಂದು ಗಂಟೆಯಾದರೂ ಅಂತರವಿರಲಿ. ಇಲ್ಲದಿದ್ದರೆ ಮೇಲಿನ ಲೇಪನ ಜಠರದಲ್ಲೇ ಕರಗಿ ಹೊಟ್ಟೆ ಹಿಂಡುತ್ತದೆ. ರಾತ್ರಿ ಹಾಲು ಕುಡಿದು ಮಲಗುವ ಮನೆಗಳಲ್ಲಿ ಈ ತಪ್ಪಿಗೆ ಎಡೆ ಹೆಚ್ಚು. ಮಾರ್ಫಿನ್ ಶುರುವಾದ ದಿನವೇ ಬಿಸಾಕೋಡಿಲ್ ಮಾತ್ರೆಯನ್ನೂ ಅದೇ ಚೀಟಿಯಲ್ಲಿ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಕಟ್ಟಿಕೊಂಡ ಮೇಲೆ ಬಿಡಿಸುವುದು ಬಹಳ ಕಷ್ಟ.

ಇಸಬ್ಗೋಲ್ ಇಲ್ಲಿ ಬೇಡ. ನಾಲ್ಕು ಜನ ನಾಲ್ಕು ಸಲ ಹೇಳಿದರೂ ಬೇಡ. ಚಲನೆ ನಿಂತಂತಿರುವ ಕರುಳಿನಲ್ಲಿ ಅದು ಉಬ್ಬಿ ಬಿರಡೆಯಾಗಿ ಕೂರಬಹುದು. ಅದಕ್ಕಿಂತಲೂ ಮೋಸಹೋಗುವ ಸಂದರ್ಭ ಇನ್ನೊಂದಿದೆ. ನಾಲ್ಕೈದು ದಿನ ಏನೂ ಆಗದೆ, ಆಮೇಲೆ ನೀರುನೀರಾಗಿ ಸೋರುತ್ತದೆ. ಭೇದಿ ಎಂದುಕೊಂಡು ಎಲ್ಲವನ್ನೂ ನಿಲ್ಲಿಸಿ, ಭೇದಿ ಕಟ್ಟುವ ಲೋಪೆರಮೈಡ್ ಕೊಟ್ಟರೆ ಕೆಟ್ಟಿತು. ಗುದನಾಳದಲ್ಲಿ ಕಲ್ಲಿನಂಥ ಮಲ ಅಡ್ಡ ಕೂತು, ಅದರ ಪಕ್ಕದಿಂದ ನೀರು ಜಾರುತ್ತಿರಬಹುದು. ಅದನ್ನು ವೈದ್ಯರು ಅಥವಾ ನರ್ಸ್ ಪರೀಕ್ಷಿಸಿಯೇ ಹೇಳಬೇಕು.

ಮೆಡಿಕಲ್ ಶಾಪಿನಲ್ಲಿ ಗ್ರಾಂ ಓದದೆ ಹಣ ಕೊಡಬೇಡಿ. ಕೊಲೊನೋಸ್ಕೋಪಿಗೆ ಮುನ್ನ 2 ಲೀಟರ್ ನೀರಿಗೆ ಕಲಸಿ ಕರುಳನ್ನು ಪೂರ್ತಿ ತೊಳೆಯುವ ದೊಡ್ಡ ಪ್ಯಾಕೆಟ್ಟಿನ ಮೇಲೂ ಇದೇ ಪಾಲಿಎಥಿಲೀನ್ ಗ್ಲೈಕಾಲ್ ಹೆಸರಿರುತ್ತದೆ. ಖರ್ಚನ್ನು ದಿನದ ಲೆಕ್ಕದಲ್ಲಿ ನೋಡಿ. ದಿನಕ್ಕೆ 30 ಮಿ.ಲೀ. ಬೇಕಾದವರಿಗೆ ಲ್ಯಾಕ್ಟುಲೋಸ್‌ನ 200 ಮಿ.ಲೀ. ಬಾಟಲಿ ಒಂದು ವಾರವೂ ಬರುವುದಿಲ್ಲ. ಕೈ ಬಿಗಿಯಿದ್ದರೆ ಬಿಸಾಕೋಡಿಲ್ ಮೊದಲು, ಮಲ ಗಟ್ಟಿಯೆನಿಸಿದರೆ ಮಾತ್ರ ಪುಡಿ. ನನ್ನ ಮಟ್ಟಿಗೆ ಬಿಸಾಕೋಡಿಲ್ ಮಾತ್ರೆಯ ಜೊತೆಗಾದರೆ ಈ ಪುಡಿಗೆ ಐದಕ್ಕೆ ನಾಲ್ಕು, ಒಂಟಿಯಾಗಿ ಎರಡು.

ಹೊಟ್ಟೆ ಬಿಗಿದು ಉಬ್ಬಿ, ವಾಂತಿಯಾಗಿ, ಹೂಸೂ ಹೋಗದಿದ್ದರೆ ಪುಡಿಯೂ ಬೇಡ, ಬಿಸಾಕೋಡಿಲ್ ಮಾತ್ರೆಯೂ ಬೇಡ. ಕರುಳು ಅಡಚಿರಬಹುದು, ತಕ್ಷಣ ಆಸ್ಪತ್ರೆಗೆ ಹೊರಡಿ. ಉಳಿದಂತೆ, ಮೋಷನ್ ಆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕಿ. ಎರಡು ದಿನ ಗೀಟಿಲ್ಲದಿದ್ದರೆ ಮೂರನೇ ಬೆಳಿಗ್ಗೆ ವೈದ್ಯರನ್ನು ಕೇಳಿಕೊಂಡು ಬಿಸಾಕೋಡಿಲ್ 10 ಮಿ.ಗ್ರಾಂ. ಸಪೋಸಿಟರಿ, ಅಂದರೆ ಗುದದ್ವಾರದೊಳಗೆ ಇಡುವ ಗುಳಿಗೆ, ಬಳಸಬಹುದು. ಅದನ್ನು ಮಲದೊಳಕ್ಕೆ ಚುಚ್ಚದೆ ಗುದನಾಳದ ಗೋಡೆಗೆ ತಾಗಿಸಿಟ್ಟರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೆಲಸ ಮಾಡುತ್ತದೆ. ಕೀಮೋ ನಡೆಯುತ್ತಿದ್ದು ಬಿಳಿ ರಕ್ತಕಣ ಕಡಿಮೆಯಿರುವವರಿಗೆ ಮಾತ್ರ ಸಪೋಸಿಟರಿಯಾಗಲಿ ಎನಿಮಾ ಆಗಲಿ ಕೊಡಬಾರದು.