ಸ್ಟೆಂಟೋ, ಮೂಗಿನ ಟ್ಯೂಬೋ? ಅನ್ನನಾಳ ಕ್ಯಾನ್ಸರ್ ಇರುವ ಹಿರಿಯರಿಗೆ

ವಾಸಿಯಾಗದ ಹಂತದಲ್ಲಿ ಗಂಜಿಯೂ ಇಳಿಯದಾದಾಗ ಮನೆಯವರ ಮುಂದೆ ಹೆಚ್ಚಾಗಿ ಬರುವುದು ಈ ಎರಡು ದಾರಿ.

ಸ್ಟೆಂಟ್ ಎಂದರೆ ಎಂಡೋಸ್ಕೋಪಿಯಲ್ಲಿ ಗಡ್ಡೆಯ ಜಾಗದಲ್ಲಿ ಕೂರಿಸುವ ಲೋಹದ ಜಾಲರಿ ಕೊಳವೆ. ಒಂದೆರಡು ದಿನದಲ್ಲಿ ಅರಳುತ್ತದೆ. ಆಗ ಎದೆನೋವು ಬರುವುದುಂಟು, ನೋವಿನ ಔಷಧಿ ಮೊದಲೇ ಬರೆಸಿಕೊಳ್ಳಿ. ಬಾಯಿರುಚಿ ಉಳಿಯುತ್ತದೆ, ಜೊಲ್ಲೂ ಒಳಗಿಳಿಯುತ್ತದೆ. ಈ ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ರಾತ್ರಿಯೆಲ್ಲ ಉಗುಳುತ್ತ ಕೂರುವವರಿಗೆ ಅದೇ ದೊಡ್ಡದು. ಮೆತ್ತಗೆ ಕಿವುಚಿದ ಮೊಸರನ್ನ, ಸಾರಿನಲ್ಲಿ ನೆನೆದ ಇಡ್ಲಿ ಸರಿ. ಚಪಾತಿ, ಬ್ರೆಡ್, ಮಾಂಸದ ತುಂಡು, ನಾರಿನ ಸೊಪ್ಪು ಸಿಕ್ಕಿಕೊಳ್ಳುತ್ತವೆ. ತುತ್ತುಗಳ ನಡುವೆ ಗುಟುಕು ನೀರು ಬೇಕು. ಸ್ಟೆಂಟ್ ಜಠರದ ಬಾಯಿ ದಾಟಿದ್ದರೆ ಹುಳಿ ಮೇಲೆ ಬರುತ್ತದೆ. ಮಂಚದ ತಲೆಭಾಗ ಎತ್ತರಿಸಿ. ಮುಂದೆ ಗಡ್ಡೆ ಬೆಳೆದು ಮುಚ್ಚಬಹುದು, ಸ್ಟೆಂಟ್ ಜಾರಲೂಬಹುದು.

ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಜಠರಕ್ಕೆ ಇಳಿಸುವ ತೆಳು ಕೊಳವೆ, ಅಗ್ಗ. ಆಹಾರ ಹೊಟ್ಟೆಗೆ ಹೋಗುತ್ತದೆ, ಆದರೆ ಜೊಲ್ಲಿನ ಕಷ್ಟ ಹಾಗೇ ಉಳಿಯುತ್ತದೆ. ತಲೆ ಎತ್ತರಿಸಿ, ಸೋಸಿದ ತೆಳು ರಾಗಿ ಗಂಜಿ ಸುಮಾರು 200 ಮಿ.ಲೀ., 2-3 ಗಂಟೆಗೊಮ್ಮೆ. ಮೊದಲೂ ಆಮೇಲೂ 30 ಮಿ.ಲೀ. ನೀರು ಬಿಡದಿದ್ದರೆ ಕಟ್ಟಿಕೊಳ್ಳುತ್ತದೆ. ಮೂಗಿನ ಹತ್ತಿರ ಟ್ಯೂಬಿನ ಮೇಲಿರುವ ಗುರುತು ಸರಿದಿದ್ದರೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋದೀತು. ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆಯನ್ನು ಪುಡಿ ಮಾಡಲೇಬಾರದು, ಇಡೀ ಡೋಸ್ ಒಮ್ಮೆಗೇ ಏರುತ್ತದೆ, ದ್ರವರೂಪದ್ದು ಕೇಳಿ.

ಎದ್ದು ಓಡಾಡುವ ಅಜ್ಜನಿಗೆ ನಮ್ಮ ಆಯ್ಕೆ ಸ್ಟೆಂಟ್. ಹಾಸಿಗೆ ಹಿಡಿದು ನಿದ್ದೆಯಲ್ಲೇ ಇರುವವರಿಗೆ ಎರಡೂ ಬೇಡವಾಗಬಹುದು. ಒದ್ದೆ ಹತ್ತಿಯಿಂದ ಬಾಯಿ ಒರೆಸಿ, ತುಟಿಗೆ ತುಪ್ಪ ಸವರಿ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥವರ ಆರೈಕೆ ಉಚಿತ.