ಇಮ್ಯಾಟಿನಿಬ್, ನಿಲೋಟಿನಿಬ್: ಎರಡನ್ನೂ ತಗೊಂಡ ಮೇಲೆ

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ ಹದಿನಾಲ್ಕು ತಿಂಗಳು ಇಮ್ಯಾಟಿನಿಬ್ ತಗೊಂಡೆ. ಆಮೇಲೆ ಡಾಕ್ಟರ್ ನಿಲೋಟಿನಿಬ್ ಕೊಟ್ಟರು. ಈಗ ಅದಕ್ಕೆ ಎರಡನೇ ವರ್ಷ. ಯಾವುದು ವಾಸಿ ಅಂತ ಕೇಳುತ್ತಾರೆ. ದಿನ ಕಳೆಯುವುದಕ್ಕೆ ಮೊದಲನೆಯದು ಸಲೀಸು. ನನ್ನ ರಿಪೋರ್ಟ್‌ನಲ್ಲಿ ರೋಗದ ಅಂಕಿ ಇಳಿಸಿದ್ದು ಎರಡನೆಯದು.

ಎರಡರ ಕೆಲಸವೂ ಒಂದೇ. ಮೂಳೆಯ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳಿವೆ. ಯಾವಾಗ ಹೆಚ್ಚಬೇಕು, ಯಾವಾಗ ನಿಲ್ಲಬೇಕು ಅನ್ನುವ ಸುದ್ದಿಯನ್ನು ಅವುಗಳೊಳಗೆ ಮುಟ್ಟಿಸುವುದು ಸಂಕೇತ ಪ್ರೋಟೀನ್‌ಗಳು. ಎಬಿಎಲ್ ಅಂಥದ್ದೊಂದು. ಬೇಕಾದಾಗ ಆನ್, ಸಾಕಾದಾಗ ಆಫ್. ನನ್ನ ಒಂದು ಕಾಂಡಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾಗಿ ಕೂಡಿಕೊಂಡವು. ಎಬಿಎಲ್‌ಗೆ ಬಿಸಿಆರ್ ಅನ್ನುವ ಇನ್ನೊಂದು ಪ್ರೋಟೀನ್ ಅಂಟಿಕೊಂಡಿತು, ಆಫ್ ಆಗುವುದೇ ನಿಂತಿತು. ಮೋಟಾರ್ ಮೆಷಿನ್ನಿನ ಪೆಡಲ್ ಒತ್ತಿದ ಹಾಗೇ ಸಿಕ್ಕಿಕೊಂಡರೆ ಸೂಜಿ ನಿಲ್ಲುವುದೇ ಇಲ್ಲ, ಅಲ್ವಾ? ಹಾಗೆ ಬಿಳಿ ರಕ್ತಕಣ ಹೆಚ್ಚುತ್ತಲೇ ಹೋದವು. ಇದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗುವುದಿಲ್ಲ. ಅದನ್ನು ಕೇಳಿದ ದಿನ ಸಮಾಧಾನಕ್ಕೆ ಅತ್ತುಬಿಟ್ಟೆ.

ಎಬಿಎಲ್ ಶಕ್ತಿ ಪಡೆಯುವ ಸಂದಿಯಲ್ಲೇ ಮಾತ್ರೆಯ ಮದ್ದು ಹೋಗಿ ಕೂರುತ್ತದೆ. ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಅದರ ಆಕಾರವನ್ನೇ ತಿದ್ದಿ, ಇನ್ನೂ ಬಿಗಿಯಾಗಿ ಕೂರುವಂತೆ ಮಾಡಿದ್ದು ನಿಲೋಟಿನಿಬ್. ನಮ್ಮ ಅಂಗಡಿ ಮಾತಲ್ಲಿ ಆಲ್ಟ್ರೇಷನ್.

ಇಮ್ಯಾಟಿನಿಬ್ 400 ಮಿಲಿಗ್ರಾಂ, ದಿನಕ್ಕೊಂದು. ಮಧ್ಯಾಹ್ನ ಮುದ್ದೆ ಉಂಡು ದೊಡ್ಡ ಲೋಟ ನೀರಿನ ಜೊತೆ ನುಂಗುತ್ತಿದ್ದೆ. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗುತ್ತಿತ್ತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಒಂದು ವರ್ಷ ಹಾಸನಾಂಬೆ ದರ್ಶನದ ಕ್ಯೂನಲ್ಲಿ ನಿಲ್ಲಲಾಗದೆ ವಾಪಸ್ ಬಂದೆ. ಆದರೂ ಸಹಿಸಬಹುದಿತ್ತು. ಎರಡೇ ತಿಂಗಳಲ್ಲಿ ಕೌಂಟ್ ನಾರ್ಮಲ್ ಆಯಿತು. ಎಲ್ಲಾ ಸರಿಹೋಯಿತು ಅಂದುಕೊಂಡೆ. ಅದು ತಪ್ಪು. ರಕ್ತಕಣದ ಕೌಂಟ್ ಬೇರೆ, ಆ ಅಂಟಿಕೊಂಡ ಬಿಸಿಆರ್-ಎಬಿಎಲ್ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ಅಳೆಯುವ ಪಿಸಿಆರ್ ಟೆಸ್ಟ್ ಬೇರೆ. ವರ್ಷ ತುಂಬುವಾಗ ಅದು 0.1 ಶೇಕಡಾಕ್ಕೆ ಇಳಿದಿದ್ದರೆ ಒಳ್ಳೆಯದು. ನನ್ನದು 1.8.

ಮಾತ್ರೆ ಬದಲಾಯಿಸುವ ಮುಂಚೆ ಮ್ಯುಟೇಶನ್ ಟೆಸ್ಟ್ ಮಾಡಿಸಿದರು. ಎಬಿಎಲ್‌ನಲ್ಲಿ ಟಿ315ಐ ಅನ್ನುವ ಬದಲಾವಣೆ ಇದ್ದರೆ ಇವೆರಡೂ ಕೆಲಸ ಮಾಡುವುದಿಲ್ಲ. ನನಗೆ ಇರಲಿಲ್ಲ.

ನಿಲೋಟಿನಿಬ್ ದಿನಕ್ಕೆ ಎರಡು ಹೊತ್ತು, 400 ಮಿಲಿಗ್ರಾಂ ಹಾಗೆ. ಕಷ್ಟ ಇರುವುದು ಹೊತ್ತಿನಲ್ಲಿ. ಮುಂಚೆ ಎರಡು ಗಂಟೆ, ಆಮೇಲೆ ಒಂದು ಗಂಟೆ ಹೊಟ್ಟೆ ಖಾಲಿ ಇರಬೇಕು. ಊಟದ ಜೊತೆ ತಗೊಂಡರೆ ಮದ್ದು ರಕ್ತಕ್ಕೆ ಜಾಸ್ತಿ ಸೇರಿ ಹೃದಯದ ಬಡಿತಕ್ಕೆ ಅಪಾಯ. ಅದಕ್ಕೇ ಶುರುವಿನಲ್ಲೇ ಇಸಿಜಿ ತೆಗೆದರು. ನಾನು ಬೆಳಿಗ್ಗೆ ಆರು, ಸಂಜೆ ಆರು ಇಟ್ಟುಕೊಂಡೆ. ಬೆಳಿಗ್ಗೆ ತೊಂದರೆಯಿಲ್ಲ. ಸಂಜೆ ನಾಲ್ಕರಿಂದ ಏಳು ಮಾತ್ರ ದೊಡ್ಡ ಪರೀಕ್ಷೆ. ನೆಂಟರ ಮನೆಗೆ ಹೋದರೆ ಕಾಫಿ ಬೇಡ ಅನ್ನಬೇಕು. ಬೇಜಾರು ಮಾಡಿಕೊಂಡವರೂ ಇದ್ದಾರೆ. ಮೈ ತುರಿಕೆ ಬಂತು, ಶುಗರ್ ಸ್ವಲ್ಪ ಏರಿತು. ಕಣ್ಣಿನ ಊತ, ಕಾಲು ಹಿಡಿತ ಹೋದವು. ಆರು ತಿಂಗಳಿಗೆ ಪಿಸಿಆರ್ 0.09.

ದುಡ್ಡಿನ ಲೆಕ್ಕದಲ್ಲಿ ಇಮ್ಯಾಟಿನಿಬ್ ಅಗ್ಗ. ಅದರ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತ್ತು. ನಮ್ಮ ದೇಶದ ಹಲವು ಕಂಪನಿಗಳ ಮಾತ್ರೆ ಸಿಗುತ್ತದೆ.

ಮೊದಲ ಮಾತ್ರೆಯಲ್ಲೇ ಪಿಸಿಆರ್ ಇಳಿಯುತ್ತಿದ್ದರೆ ಸುಮ್ನೆ ಬದಲಾಯಿಸಲು ಹೋಗಬೇಡಿ. ಕೆಲವು ಕ್ಯಾನ್ಸರ್ ಕಾಂಡಕೋಶಗಳು ಮಲಗಿರುತ್ತವೆ, ಅವನ್ನು ಎರಡೂ ಮಾತ್ರೆ ಪೂರ್ತಿ ಕೊಲ್ಲುವುದಿಲ್ಲ. ಅದಕ್ಕೇ ನಾನು ಒಂದು ಹೊತ್ತೂ ತಪ್ಪಿಸುವುದಿಲ್ಲ. ಸಂಜೆ ಏಳಕ್ಕೆ ಮಗಳು ಅಂಗಡಿಗೇ ಕಾಫಿ ತರುತ್ತಾಳೆ.