ಪಿಜಿಗೆ ಒಂದು ದೊಡ್ಡ ರೂಟರಾ, ಮಹಡಿಗೊಂದು ಆಕ್ಸೆಸ್ ಪಾಯಿಂಟಾ?

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಮೂರಂತಸ್ತಿನ ಪಿಜಿ ನಡೆಸುವವರ ಮುಂದೆ ಎರಡು ದಾರಿ: ಆರು ಆಂಟೆನಾದ ದುಬಾರಿ ರೂಟರ್ ಒಂದನ್ನು ನಡುಮಹಡಿಯಲ್ಲಿಡುವುದು, ಇಲ್ಲವೇ ಮಹಡಿಗೊಂದು ಸಾಧಾರಣ ಆಕ್ಸೆಸ್ ಪಾಯಿಂಟ್ (ಕೇಬಲ್ ಮೂಲಕ ರೂಟರಿಗೆ ಸೇರಿ ಆ ಮಹಡಿಗೆ ವೈಫೈ ಕೊಡುವ ಪೆಟ್ಟಿಗೆ) ಹಾಕಿಸುವುದು.

ದೊಡ್ಡ ರೂಟರ್ ಬೇಗ ಕೂರುತ್ತದೆ, ಗೋಡೆ ಕೊರೆಯಬೇಕಿಲ್ಲ. ಏಳೆಂಟು ಜನರಿರುವ ಮನೆಗೆ ಅದೇ ಸಾಕು. ಹುಡುಗರು ನಲವತ್ತಾದರೆ ಕಥೆಯೇ ಬೇರೆ. ಫೋನಿನಲ್ಲಿ ಸಿಗ್ನಲ್ ಪೂರ್ತಿ ಇದ್ದರೂ ವಿಡಿಯೋ ನಿಂತು ನಿಂತು ಓಡುತ್ತದೆ. ಒಂದು ಚಾನೆಲ್‌ನಲ್ಲಿ (ವೈಫೈ ಓಡುವ ಒಂದು ರೇಡಿಯೋ ದಾರಿಯಲ್ಲಿ) ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಾಧನ ಕಳಿಸಬೇಕು. ಮೂಲೆ ರೂಮಿನ ಹಳೇ ಫೋನು ತೆವಳುತ್ತಾ ಕಳಿಸುವಷ್ಟು ಹೊತ್ತು ಮಿಕ್ಕವೆಲ್ಲ ಕಾಯುತ್ತವೆ. ವೈಫೈನ ಆರನೇ ತಲೆಮಾರಾದ ವೈಫೈ 6 ಒಂದೇ ಸರದಿಯನ್ನು ಹಲವರಿಗೆ ಹಂಚಬಲ್ಲದು, ನಿಜ. ಆದರೆ ಫೋನುಗಳೂ ವೈಫೈ 6ರವೇ ಆಗಿರಬೇಕಲ್ಲ!

ಮಹಡಿಗೊಂದು ಹಾಕಿದರೆ ದೂರ ಕಡಿಮೆ, ವೇಗ ಹೆಚ್ಚು, ಸರದಿ ಬೇಗ ಮುಗಿಯುತ್ತದೆ. ಷರತ್ತುಗಳಿವೆ. ವೈಫೈ ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ರೇಡಿಯೋ ಪಟ್ಟಿಗಳಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ, ಮಹಡಿಗೊಂದರಂತೆ ಹಂಚಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ದಾಟಿಸಬೇಡಿ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ಆದರೂ ಅಗಲ 80ರ ಬದಲು 40 ಮೆಗಾಹರ್ಟ್ಸ್ ಇಡಿ. ಆಕ್ಸೆಸ್ ಪಾಯಿಂಟಿನ ಸಿಗ್ನಲ್ ಪವರ್ ತಗ್ಗಿಸಿ, ಇಲ್ಲದಿದ್ದರೆ ಮೇಲಿನ ಮಹಡಿಗೆ ಹತ್ತಿದ ಫೋನೂ ಕೆಳಗಿನದನ್ನೇ ಹಿಡಿದುಕೊಂಡಿರುತ್ತದೆ.

ಖರ್ಚು ಇರುವುದು ಕೇಬಲ್ ಎಳೆಸುವುದರಲ್ಲಿ. ಅದನ್ನು ಉಳಿಸಲು ರಿಪೀಟರ್ (ಕೇಬಲ್ ಇಲ್ಲದೆ ವೈಫೈ ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸಾಧನ) ಕೊಳ್ಳುವುದು ನನ್ನ ಪ್ರಕಾರ ದಂಡ: ಅದೇ ಚಾನೆಲ್‌ನಲ್ಲಿ ಪ್ರತಿ ಡೇಟಾ ಎರಡು ಸಲ ಹೋಗಿ ವೇಗ ಅರ್ಧಕ್ಕಿಳಿಯುತ್ತದೆ. ಕಟ್ಟಡಕ್ಕೆ ಇನ್ನೂ ಪ್ಲಾಸ್ಟರ್ ಆಗಿಲ್ಲವೆಂದರೆ ಈಗಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಕೇಬಲ್‌ಗೆ ಪೈಪು ಹಾಕಿಸಿಬಿಡಿ.